ಅಂಬಾಸಿಡರ್ ಸೆಲ್ಫ್ ಹೊಡೆಯುತ್ತಿಲ್ಲವೇ? ಮೋಟರ್ ಬಿಚ್ಚುವ ಮುನ್ನ ಇಷ್ಟು ನೋಡಿ

ಕೀಲಿ ತಿರುಗಿಸಿದರೆ 'ಟಕ್' ಎಂದು ಒಂದೇ ಸದ್ದು, ಆಮೇಲೆ ಏನೂ ಇಲ್ಲ. 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಹಳೆಯ ಅಂಬಾಸಿಡರ್ ಇಟ್ಟುಕೊಂಡವರಿಗೆ ಇದು ಹೊಸದಲ್ಲ. 'ಸೆಲ್ಫ್ ಹೋಯ್ತು' ಎಂದು ನೇರವಾಗಿ ಮೋಟರ್ ಬಿಚ್ಚಿಸುವವರೇ ಹೆಚ್ಚು. ಬುಷ್ (ಶಾಫ್ಟ್ ತಿರುಗುವ ಕಂಚಿನ ಬಳೆ), ಬ್ರಷ್ (ಮೋಟರಿನೊಳಗೆ ಕರೆಂಟ್ ದಾಟಿಸುವ ತುಂಡು) ಎಲ್ಲ ಹೊಸದಾಗಿ ಹಾಕಿಸಿ ಕೂರಿಸಿದ ಮೇಲೂ ಅದೇ 'ಟಕ್' ಬರುತ್ತದೆ. ಕೊಳೆತದ್ದು ಮೋಟರ್ ಅಲ್ಲ, ಎಂಜಿನ್ನಿಗೂ ಗಾಡಿಯ ಮೈಗೂ ನಡುವೆ ಕರೆಂಟಿನ ದಾರಿಯಾಗಿರುವ ಅರ್ಥ್ ಪಟ್ಟಿ.

ಈ ಗಾಡಿಯ ಲೂಕಾಸ್ ಮಾದರಿಯ ಸ್ಟಾರ್ಟರ್, ಅಂದರೆ ಸೆಲ್ಫ್ ಮೋಟರ್, ಈಗಿನ ಕಾರುಗಳದ್ದರಂತಲ್ಲ. ಈಗಿನವುಗಳಲ್ಲಿ ಸೊಲೆನಾಯ್ಡ್ (ಕರೆಂಟಿನಿಂದ ಎಳೆಯುವ ಸ್ವಿಚ್ಚು) ಮೋಟರಿನ ಬೆನ್ನ ಮೇಲೆಯೇ ಕೂತು ಮೋಟರಿನ ಸಣ್ಣ ಹಲ್ಲುಗಾಲಿಯಾದ ಪಿನಿಯನ್ನನ್ನು ಮೊದಲು ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲ್ ಹಲ್ಲಿಗೆ ಕೂಡಿಸುತ್ತದೆ. ಇಲ್ಲಿ ಸೊಲೆನಾಯ್ಡ್ ಮೋಟರಿನಿಂದ ದೂರ ಇರುತ್ತದೆ, ಅದು ಬರೀ ಒಂದು ದೊಡ್ಡ ಸ್ವಿಚ್ಚು. ಮೋಟರ್ ಥಟ್ಟನೆ ತಿರುಗಿದಾಗ ಬೆಂಡಿಕ್ಸಿನ (ಶಾಫ್ಟಿನ ಮೇಲಿನ ತಿರುಪು, ಪಿನಿಯನ್ ಜೋಡಣೆ) ಪಿನಿಯನ್ ತನ್ನ ಭಾರಕ್ಕೆ ಹಿಂದುಳಿದು, ತಿರುಪಿನ ಮೇಲೆ ಜಾರಿ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಆ ಥಟ್ಟನೆಯ ವೇಗ ಬರದಿದ್ದರೆ ಪಿನಿಯನ್ ಜಾರುವುದೇ ಇಲ್ಲ. ಬ್ಯಾಟರಿ ಸ್ವಲ್ಪ ಸೊರಗಿದರೂ ಈ ಗಾಡಿ ಬೇಗ ಹಟ ಮಾಡುವುದು ಅದಕ್ಕೇ.

ಹೆಡ್‌ಲೈಟ್ ಪರೀಕ್ಷೆ

ಗೇರ್ ನ್ಯೂಟ್ರಲ್‌ನಲ್ಲಿ ಇಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಇನ್ನೊಬ್ಬರು ಎದುರಿಗೆ ನಿಂತು ದೀಪ ನೋಡಲಿ.

ದೀಪ ಪೂರ್ತಿ ಆರಿಹೋದರೆ ಬ್ಯಾಟರಿ ಟರ್ಮಿನಲ್ ಸಡಿಲ ಅಥವಾ ಬಿಳಿ ಪುಡಿ ಕಟ್ಟಿದೆ. ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಸೀಸ ಹೊಳೆಯುವವರೆಗೆ ಕೆರೆದು ಬಿಗಿಮಾಡಿ. ದೀಪ ಒಂಚೂರೂ ಮಂಕಾಗದಿದ್ದರೆ ಮೋಟರಿಗೆ ಕರೆಂಟ್ ಹೋಗುತ್ತಿಲ್ಲ: ಕೀಲಿ ಸ್ವಿಚ್, ಸೊಲೆನಾಯ್ಡ್ ಅಥವಾ ಮೋಟರಿನೊಳಗಿನ ಬ್ರಷ್ ನೋಡಬೇಕು. ಕೆಲವು ಸೊಲೆನಾಯ್ಡ್‌ಗಳಲ್ಲಿ ರಬ್ಬರ್ ಮುಚ್ಚಿದ ಗುಂಡಿ ಇರುತ್ತದೆ. ಅದನ್ನು ಕೈಯಿಂದ ಒತ್ತಿದಾಗ ಎಂಜಿನ್ ತಿರುಗಿದರೆ ಮೋಟರ್ ಸರಿಯಿದೆ. ದೋಷ ಕೀಲಿಯ ಕಡೆಯ ಸಣ್ಣ ವೈರಿನಲ್ಲೋ ಸೊಲೆನಾಯ್ಡ್ ಕಾಯಿಲ್‌ನಲ್ಲೋ ಇದೆ.

ದೀಪ ತೀರಾ ಮಂಕಾಗಿ ಎಂಜಿನ್ ಅಲುಗದಿದ್ದರೆ ಒಂದೋ ಬ್ಯಾಟರಿ ಇಳಿದಿದೆ, ಇಲ್ಲವೇ ಪಿನಿಯನ್ ಫ್ಲೈವೀಲ್ ಹಲ್ಲಿಗೆ ಸಿಕ್ಕಿಕೊಂಡಿದೆ. ಸಿಕ್ಕಿಕೊಂಡಿದ್ದರೆ ಇಗ್ನಿಷನ್ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು ಗಾಡಿಯನ್ನು ಹಿಂದೆ ಮುಂದೆ ಅಲುಗಾಡಿಸಿ. 'ಕಟ್' ಎಂದು ಬಿಡುತ್ತದೆ. ಬಿಡದಿದ್ದರೆ ಮೋಟರಿನ ಹಿಂತುದಿಯಲ್ಲಿ ಶಾಫ್ಟಿನ ಚೌಕಾಕಾರದ ತುದಿ ಇರುತ್ತದೆ, ಅದನ್ನು ಸ್ಪ್ಯಾನರ್ ಹಾಕಿ ತಿರುಗಿಸಿ.

ಇನ್ನು ಮೋಟರ್ 'ಸುಂಯ್' ಎಂದು ಬರಿದೇ ತಿರುಗಿ ಎಂಜಿನ್ ಸುಮ್ಮನಿದ್ದರೆ, ಬೆಂಡಿಕ್ಸ್ ಮೇಲೆ ಕ್ಲಚ್ ಪುಡಿ, ಜಿಡ್ಡು ಕೂತು ಪಿನಿಯನ್ ಅಂಟಿಕೊಂಡಿದೆ. ಒಮ್ಮೊಮ್ಮೆ ಮಾತ್ರ ಹೀಗಾಗುತ್ತಿದ್ದರೆ ಫ್ಲೈವೀಲ್ ರಿಂಗಿನ ಹಲ್ಲು ಸವೆದಿರಬಹುದು. ನಾಲ್ಕು ಸಿಲಿಂಡರಿನ ಎಂಜಿನ್ ನಿಲ್ಲುವುದು ಹೆಚ್ಚಾಗಿ ಎದುರುಬದುರಿನ ಎರಡೇ ಜಾಗದಲ್ಲಿ, ಹಲ್ಲು ಸವೆಯುವುದೂ ಅಲ್ಲೇ.

ಮಲ್ಟಿಮೀಟರ್ ಏನು ಹೇಳುತ್ತದೆ

ಪೂರ್ತಿ ಚಾರ್ಜಾದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಮೊದಲು ಚಾರ್ಜ್ ಮಾಡಿಸಿ ಮತ್ತೆ ಅಳೆಯಿರಿ.

ಆಮೇಲಿನದು ಬಹಳಷ್ಟು ಜನ ಬಿಟ್ಟುಬಿಡುವ ಪರೀಕ್ಷೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥ್ ಟರ್ಮಿನಲ್‌ಗೆ, ಇನ್ನೊಂದನ್ನು ಸ್ಟಾರ್ಟರಿನ ಬಾಡಿಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ದಾರಿ ಕೆಟ್ಟಿದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಎಂಜಿನ್ನಿಗೂ ಬಾಡಿಗೂ ನಡುವಿನ ಹೆಣೆದ ತಾಮ್ರದ ಪಟ್ಟಿ ತುಂಡಾದರೆ ಕರೆಂಟ್ ಎಂಜಿನ್ನಿಗೂ ಬಾಡಿಗೂ ತಾಗಿರುವ ಲೋಹದ ಚೋಕ್ ಕೇಬಲ್ ಹಿಡಿದು ಹೋಗಲು ನೋಡುತ್ತದೆ. ಸೆಲ್ಫ್ ಹೊಡೆಯುವಾಗ ಚೋಕ್ ಕೇಬಲ್ ಬಿಸಿಯಾದರೆ ಬೇರೆ ಸಾಕ್ಷಿ ಬೇಡ, ಪಟ್ಟಿ ಬದಲಿಸಿ. ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳ ನಡುವೆಯೂ ಹೊಡೆಯುವಾಗ 0.3ರೊಳಗೇ ಇರಬೇಕು.

ಇಷ್ಟೆಲ್ಲ ಸರಿಯಿದ್ದೂ ಮೋಟರ್ ಎಳೆಯದಿದ್ದರೆ ಬಿಚ್ಚುವ ಕೆಲಸ.

ಬಿಚ್ಚುವುದು

ಹಳೆಯ ಅಂಬಾಸಿಡರ್‌ಗಳಲ್ಲಿ ಪಾಸಿಟಿವ್ ಅರ್ಥ್ (ಬ್ಯಾಟರಿಯ ಪ್ಲಸ್ ತುದಿಯೇ ಗಾಡಿಯ ಮೈಗೆ ಕಟ್ಟಿರುವುದು) ಇರುವುದುಂಟು. ಗಾಡಿಯ ಮೈಗೆ ಹೋಗುವ ಕೇಬಲ್ ಯಾವುದೆಂದು ಕಣ್ಣಾರೆ ನೋಡಿ ಅದನ್ನೇ ಮೊದಲು ಕಳಚಿ. ಬೋಲ್ಟುಗಳು ಇಂಚಿನ ಅಳತೆಯವು. 9/16 ಇಂಚಿನ ತಲೆಗೆ 14 ಎಂಎಂ ಸ್ಪ್ಯಾನರ್ ಕೂರುವುದಿಲ್ಲ, 15 ಎಂಎಂ ಜಾರಿ ಮೂಲೆ ಸವೆಸುತ್ತದೆ. ಸರಿಯಾದ ಇಂಚಿನ ಸೆಟ್ಟನ್ನೇ ತನ್ನಿ.

ಸ್ಟಾರ್ಟರ್ ಎಂಜಿನ್ನಿನ ಬಲಗಡೆ, ಡಿಸ್ಟ್ರಿಬ್ಯೂಟರ್ ಇರುವ ಮಗ್ಗುಲಲ್ಲೇ ಕೆಳಗಿದೆ. ಕೈ ಆಡದಿದ್ದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಮಾತ್ರ ತೆಗೆಯಿರಿ. ಅದರ ಕ್ಲ್ಯಾಂಪ್ ಸಡಿಲಿಸಿದರೆ ಟೈಮಿಂಗ್ ಕೆಡುತ್ತದೆ. ದಪ್ಪ ಕೇಬಲ್ಲಿನ ನಟ್ ಬಿಚ್ಚುವಾಗ ಒಳಗಿನ ನಟ್ಟನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿದುಕೊಳ್ಳಲೇಬೇಕು. ಇಲ್ಲದಿದ್ದರೆ ಸ್ಟಡ್ ತಿರುಗಿ ಒಳಗೆ ಫೀಲ್ಡ್ ಕಾಯಿಲ್ (ಮೋಟರಿನ ಒಳಗೋಡೆಯ ಸುರುಳಿ) ಜೋಡಣೆ ಮುರಿಯುತ್ತದೆ. ಆಮೇಲೆ ಹಿಡಿದಿರುವ ಎರಡು ಬೋಲ್ಟು. ಕೆಳಗಿನಿಂದ ಕೆಲಸ ಮಾಡುವುದಾದರೆ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಕೊನೆಯ ಬೋಲ್ಟ್ ಬಿಡುವಾಗ ಮೋಟರನ್ನು ಕೈಯಲ್ಲಿ ಆತುಕೊಳ್ಳಿ. ಹೊರತೆಗೆದ ಮೇಲೆ ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು, ಟಾಪ್ ಗೇರಿನಲ್ಲಿ ಗಾಡಿ ತಳ್ಳುತ್ತಾ ರಿಂಗಿನ ಹಲ್ಲನ್ನೆಲ್ಲ ಒಂದು ಸುತ್ತು ನೋಡಿ.

ಮೇಜಿನ ಮೇಲೆ

ಬೆಂಡಿಕ್ಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಗ್ರೀಸ್ ಹಚ್ಚಲೇಬೇಡಿ, ಕ್ಲಚ್ ಪುಡಿ ಅದಕ್ಕೆ ಹಿಡಿದು ತಿಂಗಳೊಪ್ಪತ್ತಿನಲ್ಲಿ ಮತ್ತೆ ಅಂಟುತ್ತದೆ. ಪಿನಿಯನ್ ಬೆರಳಿನಿಂದ ತಿರುಪಿದರೆ ಹಗುರವಾಗಿ ಓಡಿ, ತನ್ನ ಸಣ್ಣ ಸ್ಪ್ರಿಂಗಿನಿಂದ ಹಿಂದಕ್ಕೆ ಬರಬೇಕು. ದೊಡ್ಡ ಸ್ಪ್ರಿಂಗ್ ಮುರಿದಿದ್ದರೆ ಬದಲಿಸಲು ಅದನ್ನು ಒತ್ತಿಹಿಡಿಯುವ ಸಾಧನ ಬೇಕು. ಬರಿಗೈಲಿ ಲಾಕ್ ಬಿಡಿಸಿದರೆ ಸ್ಪ್ರಿಂಗ್ ಸಿಡಿಯುತ್ತದೆ.

ಬ್ರಷ್ 8 ಎಂಎಂಗಿಂತ ಗಿಡ್ಡವಾದರೆ ಹೊಸದು ಹಾಕಿ. ಫೀಲ್ಡ್ ಕಾಯಿಲ್ ಅಲ್ಯುಮಿನಿಯಂ ಆಗಿದ್ದರೆ ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ, ಹಳೆಯ ಬ್ರಷ್ ವೈರಿನ ಚೂರು ಉಳಿಸಿಕೊಂಡು ಅದಕ್ಕೇ ಬೆಸೆಯಿರಿ. ಬ್ರಷ್ ಉಜ್ಜುವ ತಾಮ್ರದ ಉರುಳೆಯಾದ ಕಾಮ್ಯುಟೇಟರನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ; ಕಲೆ ಹೋಗದಿದ್ದರೆ ನುಣುಪಾದ ಮರಳು ಕಾಗದ ಆದೀತು, ಎಮರಿ ಬೇಡ. ಡೈನಮೋದಲ್ಲಿ ಮಾಡುವಂತೆ ತಾಮ್ರದ ಪಟ್ಟಿಗಳ ನಡುವಿನ ಮೈಕಾ ಕೊರೆಯುವುದು ಇಲ್ಲಿ ತಪ್ಪು. ಕೆಲಸ ಗೊತ್ತಿರುವವರೂ ರೂಢಿಯಿಂದ ಇದನ್ನು ಮಾಡಿಬಿಡುತ್ತಾರೆ, ಮೊದಲೇ ಹೇಳಿಡಿ.

ಮೋಟರಿನೊಳಗೆ ತಿರುಗುವ ಭಾಗವಾದ ಆರ್ಮೇಚರಿನ ಮೈಮೇಲೆ ಉಜ್ಜಿದ ಹೊಳಪಿನ ಗುರುತಿದ್ದರೆ ಬುಷ್ ಸವೆದಿದೆ. ಹೊಸ ಕಂಚಿನ ಬುಷ್ಷನ್ನು ಕೂರಿಸುವ ಮೊದಲು 24 ಗಂಟೆ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಿ.

ಆರ್ಮೇಚರ್ ಸುಟ್ಟಿದ್ದರೆ ಬೇರೆ ಮೋಟರ್ ಹುಡುಕುವುದೇ ಮೇಲು. ಬೆಂಗಳೂರಿನ ಜೆ.ಸಿ. ರಸ್ತೆಗೋ ಶಿವಾಜಿನಗರಕ್ಕೋ ಹೋಗುವಾಗ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಪಿನಿಯನ್ ಹಲ್ಲುಗಳ ಎಣಿಕೆ, ತಿರುಗುವ ದಿಕ್ಕು, ಬೋಲ್ಟ್ ತೂತುಗಳ ಅಂತರ ಮೂರೂ ಹೊಂದಬೇಕು. ಪಾಸಿಟಿವ್ ಅರ್ಥ್ ಗಾಡಿಯವರು ಗಾಬರಿಯಾಗಬೇಕಿಲ್ಲ: ಇದು ಸೀರೀಸ್ ಮೋಟರ್ (ಫೀಲ್ಡ್ ಕಾಯಿಲ್, ಆರ್ಮೇಚರ್ ಎರಡರಲ್ಲೂ ಒಂದೇ ಕರೆಂಟ್ ಸಾಲಾಗಿ ಹರಿಯುವಂಥದ್ದು), ಧ್ರುವ ಅದಲುಬದಲಾದರೂ ಒಂದೇ ದಿಕ್ಕಿಗೆ ತಿರುಗುತ್ತದೆ.

ಕೂರಿಸುವಾಗ

ರಿಪೇರಿಯಾಗಿ ಬಂದ ಮೋಟರಿಗೆ ಹೊಸ ಬಣ್ಣ ಬಳಿದಿರುತ್ತಾರೆ. ಸ್ಟಾರ್ಟರಿಗೆ ಅರ್ಥ್ ಸಿಗುವುದು ಅದರ ಮೈಯಿಂದಲೇ, ಆದ್ದರಿಂದ ಎಂಜಿನ್ನಿಗೆ ತಾಗುವ ಮುಖದ ಬಣ್ಣವನ್ನು ಲೋಹ ಕಾಣುವವರೆಗೆ ಕೆರೆಯಿರಿ. ಎರಡೂ ಬೋಲ್ಟನ್ನು ಕೈಯಿಂದ ಹತ್ತಿಸಿ, ಆಮೇಲೆ ಸರದಿಯ ಮೇಲೆ ಬಿಗಿಮಾಡಿ. ದಪ್ಪ ಕೇಬಲ್ ಕಟ್ಟಿ, ಅರ್ಥ್ ಕೇಬಲ್ ಕೊನೆಗೆ ಹಾಕಿ.

ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಮೋಟರ್ ಆರಲಿ. ಎಂಜಿನ್ ಹತ್ತಿದಂತೆ ಮಾಡಿ ನಿಂತರೆ, ಅದು ಪೂರ್ತಿ ನಿಶ್ಚಲವಾಗುವವರೆಗೆ ಮತ್ತೆ ಕೀಲಿ ಮುಟ್ಟಬೇಡಿ. ತಿರುಗುತ್ತಿರುವ ರಿಂಗಿಗೆ ಪಿನಿಯನ್ ಹೋಗಿ ಬಡಿದರೆ ಹಲ್ಲು ಮುರಿಯುತ್ತದೆ, ಆ ರಿಂಗ್ ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕಾಗುತ್ತದೆ.