ಯೂರಿಯಾ ನಾಲ್ಕು ಚೀಲದಿಂದ ಎರಡೂವರೆಗೆ

ಕೊಪ್ಪಳ ಜಿಲ್ಲೆಯ ಕಾರಟಗಿ ಭಾಗದಲ್ಲಿ ಸೋನಾ ಮಸೂರಿ ಭತ್ತಕ್ಕೆ ಎಕರೆಗೆ ಎರಡೂವರೆ ಚೀಲ ಯೂರಿಯಾ ಸಾಕು ಎಂದರೆ ಈಗಲೂ ನಗುತ್ತಾರೆ. ನಾನೂ ಮೊದಲು ನಾಲ್ಕು ಚೀಲ ಸುರಿಯುತ್ತಿದ್ದವನೇ. ಕಳೆದ ಕೆಲವು ಬೆಳೆಗಳಲ್ಲಿ ಎರಡೂವರೆಯಲ್ಲೇ 35-36 ಚೀಲ ಭತ್ತ ಬಂದಿದೆ. ನಕ್ಕವರಲ್ಲಿ ಇಬ್ಬರು ಈಗ ನನ್ನ ಎಲೆ ಬಣ್ಣದ ಪಟ್ಟಿಯನ್ನು (ತಿಳಿಯಿಂದ ಕಡುಹಸಿರಿನವರೆಗೆ ಅಂಕಿ ಹಾಕಿದ ಬಣ್ಣಗಳಿರುವ ಪಟ್ಟಿ, ಎಲೆ ಹೋಲಿಸಿ ಯೂರಿಯಾ ಬೇಕೇ ಎಂದು ನೋಡಲು) ಎರವಲು ಒಯ್ದಿದ್ದಾರೆ, ಇನ್ನೂ ಮರಳಿಸಿಲ್ಲ.

ಯೂರಿಯಾ ಉಳಿತಾಯ ದೊಡ್ಡದಲ್ಲ. ಚೀಲಕ್ಕೆ 270 ರೂಪಾಯಿ ಹಿಡಿದರೆ ನಾನೂರು ಚಿಲ್ಲರೆ ಅಷ್ಟೇ. ದುಡ್ಡು ಉಳಿದದ್ದು ಔಷಧಿಯಲ್ಲಿ. ಯೂರಿಯಾ ಹೆಚ್ಚಾಗಿ ಕಡುಹಸಿರಾದ ಗದ್ದೆಗೆ ಬೆಂಕಿ ರೋಗ, ಕಂದು ಜಿಗಿಹುಳು ಎರಡೂ ಮುಗಿಬೀಳುತ್ತಿದ್ದವು. ನಾಲ್ಕೈದು ಸಲ ಸಿಂಪಡಿಸುತ್ತಿದ್ದದ್ದು ಎರಡಕ್ಕೆ ಇಳಿದು, ಎಕರೆಗೆ ನಾಲ್ಕು ಸಾವಿರದಷ್ಟು ಉಳಿಯುತ್ತಿದೆ.

ನಾಟಿಯ ಹೊತ್ತಿಗೆ ಡಿಎಪಿ (ರಂಜಕದ ಜೊತೆ ಸ್ವಲ್ಪ ಸಾರಜನಕವೂ ಇರುವ ಗೊಬ್ಬರ) ಬಿಟ್ಟು ಬೇರೆ ಸಾರಜನಕ ಕೊಡುವುದಿಲ್ಲ. ಸಸಿ ಬೇರು ಹಿಡಿದ ಮೇಲೆ ನೀರು ಬಸಿದು, ಕೆಸರು ಕಾಲಿಗೆ ಅಂಟುವಷ್ಟಿರುವಾಗ ಸಂಜೆ ಯೂರಿಯಾ ಎರಚಿ, ಆಮೇಲೆ ತೆಳುವಾಗಿ ನೀರು ಬಿಡುತ್ತೇನೆ. ಗೊಬ್ಬರ ನೀರಿನ ಜೊತೆ ಕೆಸರಿಗಿಳಿಯಬೇಕು. ಪಾಚಿ ಕಟ್ಟಿ ನಿಂತ ನೀರಿಗೆ ಮಧ್ಯಾಹ್ನ ಎರಚಿದರೆ ಸಾಕಷ್ಟು ಭಾಗ ಅಮೋನಿಯಾ ಆಗಿ ಹಾರಿಹೋಗುತ್ತದೆ. ಎಷ್ಟು ಹೊತ್ತು ಬಿಟ್ಟು ನೀರು ಕಟ್ಟುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ. ನಿಮ್ಮ ಮಣ್ಣಿಗೆ ಅದು ಬೇರೆಯೇ ಆಗಬಹುದು.

ಆಮೇಲೆ ಹತ್ತು ದಿನಕ್ಕೊಮ್ಮೆ ಪಟ್ಟಿ ಹಿಡಿಯುತ್ತೇನೆ. ಬೆಳಿಗ್ಗೆ, ನನ್ನ ನೆರಳಿನಲ್ಲಿ, ಪೂರ್ತಿ ಬಿಚ್ಚಿದ ಮೇಲಿನ ಎಲೆ. ಹತ್ತರಲ್ಲಿ ಆರು ಎಲೆ 4ಕ್ಕಿಂತ ತಿಳಿಯಾಗಿದ್ದರೆ ಅರ್ಧ ಚೀಲ, ಇಲ್ಲದಿದ್ದರೆ ಕೈಮುಚ್ಚಿ ಮನೆಗೆ. ತೆನೆ ಹೊರಬಿದ್ದ ಮೇಲೆ ಗೊಬ್ಬರವಿಲ್ಲ.

ಒಂದು ಬೇಸಿಗೆಯಲ್ಲಿ ಈ ಲೆಕ್ಕವೆಲ್ಲ ತಲೆಕೆಳಗಾಯಿತು. ಗದ್ದೆ ಬಸಿದು ಗೊಬ್ಬರ ಹಾಕಿದ ಮೇಲೆ ಕಾಲುವೆಯ ಸರದಿ ತಪ್ಪಿ ನೀರು ವಾರ ತಡವಾಯಿತು. ನೆಲ ಬಿರಿಯಿತು, ಮತ್ತೆ ನೀರು ನಿಂತಾಗ ಹಾಕಿದ್ದೆಲ್ಲ ಗಾಳಿಪಾಲಾಯಿತು, ಕಳೆ ಬೆಳೆದದ್ದೊಂದೇ ಲಾಭ. ಅಂದಿನಿಂದ ಕಾಲುವೆಯಲ್ಲಿ ನೀರು ಕಣ್ಣಿಗೆ ಕಂಡ ಮೇಲಷ್ಟೇ ಗದ್ದೆ ಬಸಿಯುತ್ತೇನೆ.

ನಾಲ್ಕು ಬುಡಗಳ ನಡುವೆ ಯೂರಿಯಾ ಗುಳಿಗೆಯನ್ನು ಅಂಗೈಯಗಲ ಆಳಕ್ಕೆ ಹೂಳುವುದನ್ನೂ ಅರ್ಧ ಎಕರೆಯಲ್ಲಿ ನೋಡಿದೆ. ಬಾಂಗ್ಲಾದೇಶದ ರೈತರು ಇದನ್ನು ಮಾಡುತ್ತಾರೆ. ಪೈರಿನ ಬಣ್ಣ ಕೊನೆಯವರೆಗೂ ಇಳಿಯಲಿಲ್ಲ. ಆದರೆ ದಿನವಿಡೀ ಬಗ್ಗಿ ಹೂಳಿದ ಹೆಣ್ಣಾಳುಗಳ ಕೂಲಿಯೇ ಗೊಬ್ಬರದ ಹಲವು ಪಟ್ಟಾಯಿತು. ಮಾರನೆಯ ದಿನ ಅವರು ಬರಲೂ ಇಲ್ಲ.

ಬಸಿಗಾಲುವೆ ಪಕ್ಕದ ತಗ್ಗಿನ ಮಡಿಯಲ್ಲಿ ಮಾತ್ರ ನೀರು ಹೊರಹೋಗುವುದೇ ಇಲ್ಲ. ಅಲ್ಲಿ ಈಗಲೂ ಮೂರೂವರೆ ಚೀಲ ಹೋಗುತ್ತಿದೆ.