ಚಿತ್ರಗಳನ್ನು ಗುಂಪು ಮಾಡಲು ಪುಟ್ಟ ಮಕ್ಕಳಿಗೆ ನೆರವಾಗುವ ಬಗೆ

ಮೂರು, ನಾಲ್ಕು ವರ್ಷದ ಮಗುವಿನ ಮುಂದೆ ಚಿತ್ರಗಳನ್ನು ಇಡುವುದಕ್ಕೂ ಮೊದಲು ನಿಜವಾದ ವಸ್ತುಗಳನ್ನು ಇಡುವುದು ಒಳ್ಳೆಯದು. ತರಕಾರಿ ಚೀಲವನ್ನು ನೆಲದ ಮೇಲೆ ಸುರಿದು, ಬದನೆಕಾಯಿಗಳನ್ನು ಒಂದು ಮೊರಕ್ಕೂ ಆಲೂಗಡ್ಡೆಗಳನ್ನು ಇನ್ನೊಂದಕ್ಕೂ ಹಾಕಿಸಿದರೆ, ಗುಂಪು ಮಾಡುವುದೆಂದರೇನೆಂದು ಮಗುವಿನ ಕೈಗೇ ತಿಳಿಯುತ್ತದೆ.

ಚಿತ್ರದ ಕಾರ್ಡುಗಳನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ. ಬೆಂಗಳೂರಿನಲ್ಲಿ ದಿನಪತ್ರಿಕೆಯೊಳಗೆ ಸೇರಿಕೊಂಡು ಬರುವ ಸೂಪರ್ ಮಾರ್ಕೆಟ್ ಕರಪತ್ರಗಳಿಂದ ಹಣ್ಣು, ತರಕಾರಿಗಳ ಚಿತ್ರಗಳನ್ನು ಕತ್ತರಿಸಿ, ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದಕ್ಕೆ ಅಂಟಿಸಿದರೆ ಸಾಕು. ಕಾರ್ಡುಗಳ ಅಳತೆಯೂ ಹಿನ್ನೆಲೆಯ ಬಣ್ಣವೂ ಒಂದೇ ಆಗಿರಬೇಕು. ಹಣ್ಣುಗಳೆಲ್ಲ ಹಳದಿ ಕಾಗದದ ಮೇಲೂ ವಾಹನಗಳೆಲ್ಲ ಬಿಳಿಯ ಮೇಲೂ ಇದ್ದರೆ, ಮಗು ಚಿತ್ರವನ್ನು ಗಮನಿಸದೆ ಬಣ್ಣ ನೋಡಿಯೇ ಬೇರ್ಪಡಿಸಿಬಿಡುತ್ತದೆ.

ಆರಂಭದಲ್ಲಿ ಎರಡೇ ಗುಂಪು, ತಲಾ ನಾಲ್ಕು ಚಿತ್ರ ಇರಲಿ. ಹಣ್ಣು ಮತ್ತು ವಾಹನದಂತೆ ಪರಸ್ಪರ ದೂರದ ಗುಂಪುಗಳನ್ನು ಆರಿಸಿ, ಮೊದಲು ನೀವೇ ‘ಇದು ಆಟೊ, ಇದರಲ್ಲಿ ಕೂತು ಹೋಗ್ತೀವಿ, ಅದಕ್ಕೇ ಈ ತಟ್ಟೆಗೆ’ ಎಂದು ಕಾರಣವನ್ನು ಗಟ್ಟಿಯಾಗಿ ಹೇಳುತ್ತಾ ಮಾಡಿ ತೋರಿಸಿ. ಹಣ್ಣು, ತರಕಾರಿಯಂತಹ ಹತ್ತಿರದ ಗುಂಪುಗಳು ನಂತರ ಬರಲಿ. ಮಗುವಿಗೆ ಬೇಸರ ಬರುವ ಮುನ್ನವೇ ನಿಲ್ಲಿಸಬೇಕು.

ಪ್ರಾಣಿಗಳನ್ನೆಲ್ಲ ಒಂದೆಡೆ ಇಡು ಎಂದಾಗ ಮಗು ಹಸುವಿನ ಪಕ್ಕದಲ್ಲಿ ಹುಲ್ಲಿನ ಚಿತ್ರವನ್ನು ಇಡಬಹುದು. ದೊಡ್ಡವರು ಎಡವುವುದು ಇಲ್ಲಿಯೇ. ಅದನ್ನು ತಪ್ಪೆಂದು ಕಾರ್ಡನ್ನು ಕಿತ್ತುಕೊಳ್ಳದೆ, ‘ಯಾಕೆ ಇಲ್ಲಿಟ್ಟೆ, ಪುಟ್ಟಾ?’ ಎಂದು ಕೇಳಿ. ‘ಹಸು ಹುಲ್ಲು ತಿನ್ನತ್ತಲ್ವಾ’ ಎಂಬ ಉತ್ತರದಲ್ಲಿ ಯೋಚನೆಯಿದೆ. ಈ ವಯಸ್ಸಿನವರು ವಸ್ತುಗಳ ಬಗೆಗಿಂತ ಅವುಗಳ ನಡುವಿನ ನಂಟನ್ನು ಬೇಗ ಹಿಡಿಯುತ್ತಾರೆ. ಅದನ್ನು ಒಪ್ಪಿಕೊಂಡು, ‘ಹೌದು, ತಿನ್ನತ್ತೆ. ಆದರೆ ಹುಲ್ಲು ಹಸುವಿನ ಹಾಗೆ ಓಡಾಡತ್ತಾ?’ ಎಂದು ಮುಂದುವರಿಸಿ. ನನ್ನ ಅಭಿಪ್ರಾಯದಲ್ಲಿ, ಸರಿಯಾದ ತಟ್ಟೆಗಿಂತ ಮಗು ಕೊಡುವ ಕಾರಣವೇ ಹೆಚ್ಚು ಬೆಲೆಯುಳ್ಳದ್ದು.

ಐದು ಗುಲಾಬಿ, ಎರಡು ಮಲ್ಲಿಗೆಯ ಚಿತ್ರಗಳನ್ನಿಟ್ಟು ‘ಗುಲಾಬಿ ಜಾಸ್ತಿಯೋ, ಹೂವು ಜಾಸ್ತಿಯೋ’ ಎಂದರೆ ಪುಟ್ಟ ಮಕ್ಕಳು ಸಾಮಾನ್ಯವಾಗಿ ಗುಲಾಬಿ ಎನ್ನುತ್ತಾರೆ. ಗುಂಪಿನೊಳಗೊಂದು ಗುಂಪು ಎಂಬ ತಿಳಿವಳಿಕೆ ಏಳೆಂಟು ವರ್ಷದ ಹೊತ್ತಿಗೆ ಗಟ್ಟಿಯಾಗುತ್ತದೆಂದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896–1980) ಗುರುತಿಸಿದ್ದರು. ಆದ್ದರಿಂದ ಅದಕ್ಕಾಗಿ ಒತ್ತಾಯ ಬೇಡ.

ಇಷ್ಟು ರೂಢಿಯಾದ ಮೇಲೆ ಅವೇ ಕಾರ್ಡುಗಳನ್ನು ಬೇರೆ ನಿಯಮದಿಂದ ಬೇರ್ಪಡಿಸಲು ಹೇಳಿ. ಸ್ಕೂಟರ್, ಆಟೊ, ಬಿಎಂಟಿಸಿ ಬಸ್, ನಮ್ಮ ಮೆಟ್ರೊಗಳನ್ನು ಒಮ್ಮೆ ರಸ್ತೆ, ಹಳಿಗಳ ಲೆಕ್ಕದಲ್ಲಿ ಬೇರ್ಪಡಿಸಿ, ಬಳಿಕ ಮೆಟ್ರೊವನ್ನು ಪಕ್ಕಕ್ಕಿಟ್ಟು ಉಳಿದವನ್ನು ಚಕ್ರಗಳ ಲೆಕ್ಕದಲ್ಲಿ ಬೇರ್ಪಡಿಸಬಹುದು. ಎಲ್ಲಿಯೂ ಸೇರದ ಚಿತ್ರಕ್ಕೆಂದು ಒಂದು ಖಾಲಿ ತಟ್ಟೆಯನ್ನು ಇಟ್ಟು, ಅದಕ್ಕೆ ಹೆಸರಿಡುವ ಕೆಲಸವನ್ನು ಮಗುವಿಗೇ ಬಿಡಿ.