ಬೆರ್ಬೆರೆಯಿಂದ ದೋರೊ ವೊಟ್‌ವರೆಗೆ: ಇಥಿಯೋಪಿಯಾದ ಮಸಾಲೆಗಳನ್ನು ಮನೆಯಲ್ಲಿ ಮಾಡಿ ಬಳಸುವ ಕ್ರಮ

ಇಥಿಯೋಪಿಯಾದ ಅಡುಗೆಯನ್ನು ಮನೆಯಲ್ಲಿ ಮಾಡಲು ಹೊರಟವರು ಬೆರ್ಬೆರೆ ಎಂಬ ಕೆಂಪು ಮಸಾಲೆ ಪುಡಿಯೊಂದನ್ನು ಸಿದ್ಧಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತೆಂದು ತಿಳಿಯುವುದುಂಟು. ಅದರಲ್ಲಿ ಬೀಳುವ ಪದಾರ್ಥಗಳನ್ನು ನೋಡಿದರೆ ಹಾಗೆ ಅನ್ನಿಸುವುದು ಸಹಜ. ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಮೆಂತ್ಯ, ಓಮ, ಕರಿಜೀರಿಗೆ, ಕಾಳುಮೆಣಸು, ಲವಂಗ, ಚಕ್ಕೆ, ಶುಂಠಿ, ಬೆಳ್ಳುಳ್ಳಿ ಇವೆಲ್ಲ ಕನ್ನಡದ ಮನೆಗಳಲ್ಲಿ ಈಗಾಗಲೇ ಇರುವ ವಸ್ತುಗಳೇ. ಆದರೆ ಈ ಪುಡಿಯನ್ನು ಹುಳಿಪುಡಿಯ ಹಾಗೆ ಬೇಳೆ ಬೆಂದ ಮೇಲೆ ಹಾಕಿ, ಒಂದು ಕುದಿ ಬರಿಸಿ ಇಳಿಸಿದರೆ ದೊರೆಯುವುದು ಹುಣಸೆಹಣ್ಣಿಲ್ಲದ ಹುಳಿಯೇ ಹೊರತು ಇಥಿಯೋಪಿಯಾದ ಅಡುಗೆಯಲ್ಲ. ಅಲ್ಲಿ ಮಸಾಲೆ ಮೂರು ಹಂತಗಳಲ್ಲಿ ಪಾತ್ರೆಗೆ ಸೇರುತ್ತದೆ. ಮೊದಲನೆಯದು ಈರುಳ್ಳಿಯೊಂದಿಗೆ ಬಹಳ ಹೊತ್ತು ಬೇಯುವ ಬೆರ್ಬೆರೆ. ಎರಡನೆಯದು ಸೊಪ್ಪು ಸಂಬಾರಗಳ ಪರಿಮಳವನ್ನು ಹೀರಿಕೊಂಡ ತುಪ್ಪವಾದ ನಿತಿರ್ ಕಿಬೆ. ಮೂರನೆಯದು ಇಳಿಸುವ ಮುನ್ನ ಚಿಟಿಕೆಯಷ್ಟು ಉದುರಿಸುವ ಮೆಕೆಲೆಶಾ. ಈ ಮೂರರ ಕ್ರಮವನ್ನು ಹಿಡಿದರೆ, ಒಂದೆರಡು ಪದಾರ್ಥಗಳು ಸಿಗದಿದ್ದರೂ ಅಡುಗೆ ಅದರ ದಾರಿಯಲ್ಲೇ ಇರುತ್ತದೆ.

ಸಿಗದಿರುವ ಪದಾರ್ಥಗಳು ಮುಖ್ಯವಾಗಿ ಮೂರು. ಕೊರೆರಿಮಾ ಎಂಬುದು ನೈಋತ್ಯ ಇಥಿಯೋಪಿಯಾದ ಕಾಡುಗಳಲ್ಲಿ ಬೆಳೆಯುವ, ಶುಂಠಿಯ ಕುಟುಂಬಕ್ಕೇ ಸೇರಿದ ಒಂದು ಬಗೆಯ ಏಲಕ್ಕಿ. ಅದರ ಕಾಯಿ ನಮ್ಮ ಏಲಕ್ಕಿಗಿಂತ ಬಹಳ ದೊಡ್ಡದು, ಪರಿಮಳ ಮಾತ್ರ ಅಷ್ಟು ಸಿಹಿಯಲ್ಲ. ಬೆಸೊಬೆಲಾ ತುಳಸಿ, ಕಾಮಕಸ್ತೂರಿಗಳ ಕುಲದ ಗಿಡ. ಅದರ ಎಲೆಗಳನ್ನೂ ಹೂತೆನೆಗಳನ್ನೂ ಒಣಗಿಸಿ ಬಳಸುತ್ತಾರೆ. ಕೊಸೆರೆಟ್ ಮುಖ್ಯವಾಗಿ ತುಪ್ಪಕ್ಕೆ ಹಾಕುವ ಒಂದು ಸುಗಂಧಿ ಎಲೆ. ಅಡಿಸ್ ಅಬಾಬಾದ ಮೆರ್ಕಾಟೊ ಮಾರುಕಟ್ಟೆಯಲ್ಲಿ ಇವೆಲ್ಲ ಸಾಮಾನ್ಯ ಸರಕು. ಇಥಿಯೋಪಿಯಾದ ಜನ ಹೆಚ್ಚಾಗಿ ನೆಲಸಿರುವ ವಾಷಿಂಗ್ಟನ್‌ನಂಥ ನಗರಗಳಲ್ಲಿರುವ ಕನ್ನಡಿಗರಿಗೂ ಅವರ ಅಂಗಡಿಗಳಲ್ಲಿ ದೊರೆಯುತ್ತವೆ. ಬೇರೆಡೆ ಇರುವವರು ಕೊರೆರಿಮಾದ ಬದಲು ಹಸಿರು ಏಲಕ್ಕಿಗೆ ಸ್ವಲ್ಪ ಜಾಯಿಕಾಯಿ ತುರಿದು ಸೇರಿಸಬಹುದು. ಕಪ್ಪು ಏಲಕ್ಕಿಯನ್ನು ಬಳಸುವಂತೆ ಹಲವರು ಸೂಚಿಸುತ್ತಾರಾದರೂ ಅದರ ಹೊಗೆಯ ವಾಸನೆ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ. ಬೆಸೊಬೆಲಾದ ಬದಲು ನೆರಳಿನಲ್ಲಿ ಒಣಗಿಸಿದ ತುಳಸಿಯನ್ನೂ ಕಾಮಕಸ್ತೂರಿಯನ್ನೂ ಸಮನಾಗಿ ಬೆರೆಸಿಕೊಳ್ಳಿ. ಕೊಸೆರೆಟ್ ಇಲ್ಲದಿದ್ದರೆ ಒಣ ಆರಿಗಾನೊ ಒಂದು ಚಿಟಿಕೆ ಸಾಕು, ಅದೂ ಇಲ್ಲದಿದ್ದರೆ ಬಿಟ್ಟುಬಿಡಬಹುದು. ದೊಡ್ಡಪತ್ರೆಯನ್ನು ಮಾತ್ರ ಹಾಕಬೇಡಿ, ತುಪ್ಪ ಕಷಾಯದ ವಾಸನೆ ಹೊಡೆಯುತ್ತದೆ.

ಬೆರ್ಬೆರೆ

ಬೆರ್ಬೆರೆಯ ಗುಣ ನಿರ್ಧಾರವಾಗುವುದು ಮೆಣಸಿನಕಾಯಿಯಿಂದ. ಇಥಿಯೋಪಿಯಾದಲ್ಲಿ ಮರೆಕೊ, ಅಲಾಬಾ ಪ್ರದೇಶಗಳ ಮೆಣಸಿನಕಾಯಿಗೆ ಹೆಸರಿದೆ. ಅಲ್ಲಿನವರು ಬಯಸುವುದು ಗಾಢವಾದ ಕೆಂಪು ಬಣ್ಣವನ್ನು, ಪಾತ್ರೆಗೆ ಧಾರಾಳವಾಗಿ ಹಾಕಿದರೂ ತಡೆದುಕೊಳ್ಳಬಹುದಾದ ಖಾರವನ್ನು. ಏಕೆಂದರೆ ಬೆರ್ಬೆರೆಯನ್ನು ಚಿಟಿಕೆಯಿಂದಲ್ಲ, ದೊಡ್ಡ ಚಮಚದಿಂದ ಅಳೆಯಲಾಗುತ್ತದೆ. ಈ ಕೆಲಸಕ್ಕೆ ನಮ್ಮ ಬ್ಯಾಡಗಿ ಮೆಣಸಿನಕಾಯಿ ಚೆನ್ನಾಗಿ ಹೊಂದುತ್ತದೆ. ಹೊರದೇಶದ ಪಾಕವಿಧಾನಗಳಲ್ಲಿ ಬಣ್ಣಕ್ಕಾಗಿ ಪ್ಯಾಪ್ರಿಕಾ ಸೇರಿಸಿರುತ್ತಾರೆ. ಬ್ಯಾಡಗಿ ಇರುವವರಿಗೆ ಅದರ ಅಗತ್ಯವಿಲ್ಲ. 75 ಗ್ರಾಂ ಬ್ಯಾಡಗಿಗೆ 25 ಗ್ರಾಂ ಗುಂಟೂರು ಮೆಣಸಿನಕಾಯಿ ಸೇರಿಸಿದರೆ ಖಾರವೂ ಸಾಕಷ್ಟಾಗುತ್ತದೆ. ತೊಟ್ಟುಗಳನ್ನು ಮುರಿದು, ಬೀಜಗಳನ್ನು ಬಹುಮಟ್ಟಿಗೆ ಕೊಡವಿ ತೆಗೆದು, ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ಬಾಣಲೆಯಲ್ಲಿ ಹುರಿಯುವುದಾದರೆ ಬೆಚ್ಚಗಾದರೆ ಸಾಕು, ಬಣ್ಣ ಕಂದಬಾರದು.

ಈ 100 ಗ್ರಾಂ ಮೆಣಸಿನಕಾಯಿಗೆ ಎರಡು ಟೀ ಚಮಚ ಕೊತ್ತಂಬರಿ ಬೀಜ, ಒಂದೊಂದು ಟೀ ಚಮಚ ಮೆಂತ್ಯ, ಓಮ, ಕರಿಜೀರಿಗೆ ಮತ್ತು ಕಾಳುಮೆಣಸು, ಒಂದೂವರೆ ಟೀ ಚಮಚ ಕೊರೆರಿಮಾ ಬೀಜ, ಆರು ಲವಂಗ, ಒಂದು ಅಂಗುಲ ಚಕ್ಕೆ ಬೇಕು. ಕರಿಜೀರಿಗೆ ಕೊಳ್ಳುವಾಗ ಅಂಗಡಿಯವರು ಶಾಜೀರಿಗೆಯನ್ನು ಕೊಡುವ ಸಂಭವವಿರುವುದರಿಂದ ಕಲೋಂಜಿ ಎಂದೇ ಕೇಳುವುದು ಒಳ್ಳೆಯದು. ಇಥಿಯೋಪಿಯಾದಲ್ಲಿ ತಿಮಿಜ್ ಎಂಬ ಉದ್ದನೆಯ ಮೆಣಸನ್ನೂ ಸೇರಿಸುವುದುಂಟು. ಅದರ ಸ್ಥಾನದಲ್ಲಿ ಗ್ರಂಧಿಗೆ ಅಂಗಡಿಯ ಹಿಪ್ಪಲಿಯನ್ನು ಎರಡು ಕಾಯಿಯಷ್ಟು ಹಾಕಬಹುದು. ಮಸಾಲೆಗಳನ್ನು ಒಟ್ಟಿಗೆ ಹುರಿಯಬಾರದು. ಕೊತ್ತಂಬರಿ ಹದವಾಗುವಷ್ಟರಲ್ಲಿ ಮೆಂತ್ಯ ಕಪ್ಪಾಗಿ ಕಹಿಯಾಗುತ್ತದೆ, ಓಮ ಸುಟ್ಟುಹೋಗುತ್ತದೆ. ಸಣ್ಣ ಉರಿಯಲ್ಲಿ ಒಂದೊಂದನ್ನೇ ಪರಿಮಳ ಬರುವವರೆಗೆ ಹುರಿದು, ಸಂಪೂರ್ಣ ಆರಿದ ಮೇಲೆ ಮೆಣಸಿನಕಾಯಿಯೊಂದಿಗೆ ನುಣ್ಣಗೆ ಪುಡಿಮಾಡಿ. ಬಳಿಕ ಎರಡು ಟೀ ಚಮಚ ಒಣಶುಂಠಿ ಪುಡಿ, ಒಂದು ಟೀ ಚಮಚ ಒಣ ಬೆಳ್ಳುಳ್ಳಿ ಪುಡಿ, ಒಂದು ದೊಡ್ಡ ಚಮಚ ಬೆಸೊಬೆಲಾ ಪುಡಿ, ಎರಡು ಟೀ ಚಮಚ ಉಪ್ಪು ಸೇರಿಸಿ ಜರಡಿ ಹಿಡಿಯಿರಿ. ಪುಡಿಯಲ್ಲಿಯೇ ಉಪ್ಪಿದೆ ಎಂಬುದನ್ನು ಅಡುಗೆಯ ಹೊತ್ತಿನಲ್ಲಿ ಮರೆಯಬಾರದು.

ಇದು ಅವಸರದ ದಾರಿ. ಅಲ್ಲಿನ ಮನೆಗಳಲ್ಲಿ ವರ್ಷಕ್ಕಾಗುವಷ್ಟು ಬೆರ್ಬೆರೆಯನ್ನು ಒಮ್ಮೆಗೇ ಮಾಡುವಾಗ ಅನುಸರಿಸುವ ಕ್ರಮ ಬೇರೆ. ಒಣಗಿದ ಮೆಣಸಿನಕಾಯಿಯನ್ನು ತರಿತರಿಯಾಗಿ ಕುಟ್ಟಿ, ಹಸಿ ಬೆಳ್ಳುಳ್ಳಿ, ಶುಂಠಿ, ಕೆಂಪು ಈರುಳ್ಳಿ, ಬೆಸೊಬೆಲಾ, ನಾಗದಾಳಿ ಇವುಗಳೊಡನೆ ಕಲಸಿ ಮುಚ್ಚಿಟ್ಟು, ಅನಂತರ ಮತ್ತೆ ಬಿಸಿಲಿಗೆ ಹರಡಿ, ಸಂಬಾರ ಪದಾರ್ಥಗಳನ್ನು ಸೇರಿಸಿ ಗಿರಣಿಗೆ ಕಳುಹಿಸುತ್ತಾರೆ. ಹಸಿ ಬೆಳ್ಳುಳ್ಳಿಯ ರಸ ಮೆಣಸಿನಕಾಯಿಯ ಸಿಪ್ಪೆಗೆ ಇಳಿದು ಒಣಗುವುದರಿಂದ ಬರುವ ಆಳವಾದ ರುಚಿ ಬೆಳ್ಳುಳ್ಳಿ ಪುಡಿಯಿಂದ ಬರುವುದಿಲ್ಲ. ಹೀಗೆ ಮಾಡಬಯಸುವವರು ಮೇಲಿನ ಅಳತೆಗೆ ಎಂಟು ಎಸಳು ಬೆಳ್ಳುಳ್ಳಿ, ಎರಡು ಅಂಗುಲ ಶುಂಠಿ, ನಾಲ್ಕು ಸಾಂಬಾರು ಈರುಳ್ಳಿಗಳನ್ನು ನೀರು ತಾಕಿಸದೆ ಅರೆದು, ಕುಟ್ಟಿದ ಮೆಣಸಿನಕಾಯಿಗೆ ಕಲಸಿ, ಒಂದು ರಾತ್ರಿ ಮುಚ್ಚಿಟ್ಟು, ಮರುದಿನದಿಂದ ತೆಳುವಾಗಿ ಹರಡಿ ಕಡುಬಿಸಿಲಿನಲ್ಲಿ ಒಣಗಿಸಬೇಕು; ಆಗ ಒಣಶುಂಠಿ ಮತ್ತು ಬೆಳ್ಳುಳ್ಳಿ ಪುಡಿಗಳು ಬೇಡ. ಬೆರಳಿನಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಒಣಗದ ಹೊರತು ಪುಡಿಮಾಡಬೇಡಿ. ಒಳಗೆ ತೇವ ಉಳಿದರೆ ಡಬ್ಬಿಯಲ್ಲಿ ಬೂಸ್ಟು ಬರುವುದು ಖಂಡಿತ, ಆದ್ದರಿಂದ ಇದು ಮಾರ್ಚ್ ಏಪ್ರಿಲ್ ತಿಂಗಳ ಕೆಲಸ. ಮಳೆಗಾಲದಲ್ಲಿ ಮೊದಲು ಹೇಳಿದ ಒಣ ಕ್ರಮವೇ ಸರಿ.

ನಿತಿರ್ ಕಿಬೆ

ಉಪ್ಪಿಲ್ಲದ 500 ಗ್ರಾಂ ಬೆಣ್ಣೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಕರಗಿಸಿ, ಹೆಚ್ಚಿದ ಅರ್ಧ ಈರುಳ್ಳಿ, ಜಜ್ಜಿದ ಮೂರು ಎಸಳು ಬೆಳ್ಳುಳ್ಳಿ, ಒಂದು ಅಂಗುಲ ಶುಂಠಿ, ಅರ್ಧ ಟೀ ಚಮಚ ಮೆಂತ್ಯ, ಒಂದು ಟೀ ಚಮಚ ಜಜ್ಜಿದ ಕೊರೆರಿಮಾ, ಕಾಲು ಟೀ ಚಮಚ ಅರಿಸಿನ, ಒಂದೊಂದು ದೊಡ್ಡ ಚಮಚ ಬೆಸೊಬೆಲಾ ಮತ್ತು ಕೊಸೆರೆಟ್ ಹಾಕಿ. ಇಲ್ಲಿಂದ ಮುಂದೆ ಉರಿ ಅತಿ ಸಣ್ಣದಾಗಿರಬೇಕು. ನಾವು ತುಪ್ಪ ಕಾಯಿಸುವಾಗ ಗಸಿ ಕೆಂಪಗಾಗಿ ಹರಳುಗಟ್ಟುವ ತನಕ ಬಿಡುತ್ತೇವೆ; ಇಲ್ಲಿ ಅಷ್ಟು ದೂರ ಹೋದರೆ ಸೊಪ್ಪುಗಳ ಪರಿಮಳ ಸುಟ್ಟ ವಾಸನೆಯಲ್ಲಿ ಕರಗಿಹೋಗುತ್ತದೆ. ಸುಮಾರು 45 ನಿಮಿಷಗಳಲ್ಲಿ ನೀರಿನ ಅಂಶ ಆರಿ, ಗಸಿ ತಳಕ್ಕಿಳಿದು, ಮೇಲಿನ ತುಪ್ಪ ತಿಳಿಯಾಗಿ ಹಳದಿಯಾಗಿ ಕಂಡಾಗ ಇಳಿಸಿ, ಎರಡು ಮಡಿಕೆ ಮಾಡಿದ ತೆಳುಬಟ್ಟೆಯಲ್ಲಿ ಸೋಸಿ. ಈರುಳ್ಳಿ ಬೆಳ್ಳುಳ್ಳಿಯ ಚೂರುಗಳು ಉಳಿದರೆ ಕೆಡುವುದರಿಂದ ಇದನ್ನು ನಮ್ಮ ಬರಿಯ ತುಪ್ಪದಂತೆ ಹೊರಗಿಡದೆ ಫ್ರಿಜ್‌ನಲ್ಲಿ ಇಡುವುದು ಕ್ಷೇಮ. ಅಲ್ಲಿ ಎರಡು ತಿಂಗಳು ಚೆನ್ನಾಗಿರುತ್ತದೆ.

ಮೆಕೆಲೆಶಾ ಮತ್ತು ಮಿಟ್ಮಿಟಾ

ಮೆಕೆಲೆಶಾಕ್ಕೆ ಮೆಣಸಿನಕಾಯಿ ಬೇಡ. ಒಂದು ಟೀ ಚಮಚ ಕೊರೆರಿಮಾ, ಅರ್ಧ ಟೀ ಚಮಚ ಕಾಳುಮೆಣಸು, ಎರಡು ಹಿಪ್ಪಲಿ, ನಾಲ್ಕು ಲವಂಗ, ಅರ್ಧ ಅಂಗುಲ ಚಕ್ಕೆ, ಅರ್ಧ ಟೀ ಚಮಚ ಜೀರಿಗೆ, ಚೂರು ಜಾಯಿಕಾಯಿ ಇವನ್ನು ಹಗುರವಾಗಿ ಬಿಸಿಮಾಡಿ ಪುಡಿಮಾಡಿದರೆ ಆಯಿತು. ಪರಿಮಳ ಬೇಗ ಹಾರುವ ಪುಡಿಯಾದ್ದರಿಂದ ಸ್ವಲ್ಪವೇ ಮಾಡಿಕೊಳ್ಳಿ.

ಮಿಟ್ಮಿಟಾ ಬೇಯಿಸುವುದಕ್ಕಿಂತ ಹೆಚ್ಚಾಗಿ ಮೇಲೆ ಉದುರಿಸಿಕೊಳ್ಳುವ, ನೆಂಚಿಕೊಳ್ಳುವ ಪುಡಿ. ಇದರ ಖಾರ ಬೆರ್ಬೆರೆಗಿಂತ ಬಹಳ ಹೆಚ್ಚು. ಚೆನ್ನಾಗಿ ಒಣಗಿಸಿದ 25 ಗ್ರಾಂ ಸೂಜಿಮೆಣಸು ಅಥವಾ ಜೀರಿಗೆ ಮೆಣಸಿಗೆ ಒಂದು ಟೀ ಚಮಚ ಕೊರೆರಿಮಾ, ನಾಲ್ಕು ಲವಂಗ, ಎರಡು ಟೀ ಚಮಚ ಉಪ್ಪು ಸೇರಿಸಿ ಪುಡಿಮಾಡಿ. ಮಿಕ್ಸಿಯ ಮುಚ್ಚಳವನ್ನು ಕೂಡಲೇ ತೆರೆಯದೆ ಸ್ವಲ್ಪ ಹೊತ್ತು ಬಿಡಿ. ಇಥಿಯೋಪಿಯಾದಲ್ಲಿ ಇದು ಕಿಟ್ಫೊ ಎಂಬ ಹಸಿ ದನದ ಮಾಂಸದ ಖಾದ್ಯಕ್ಕೆ ಅನಿವಾರ್ಯ. ಸಸ್ಯಾಹಾರಿಗಳು ಬೇಯಿಸಿದ ಹುರುಳಿಕಾಯಿಗೋ ಆಲೂಗಡ್ಡೆಗೋ, ಮೊಟ್ಟೆ ತಿನ್ನುವವರು ಬೇಯಿಸಿದ ಮೊಟ್ಟೆಗೋ ನಿತಿರ್ ಕಿಬೆಯೊಂದಿಗೆ ಹಚ್ಚಿಕೊಂಡು ನೋಡಬಹುದು.

ಮಿಸಿರ್ ವೊಟ್

ಮಸೂರ ಬೇಳೆಯ ಈ ಅಡುಗೆಯಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಇದರಲ್ಲಿ ಬೆರ್ಬೆರೆ ಬೇಯಿಸುವ ಕ್ರಮವೆಲ್ಲ ಕಲಿತಂತಾಗುತ್ತದೆ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರಗಳಲ್ಲಿಯೂ, ಈಸ್ಟರ್‌ಗೆ ಮುಂಚಿನ 55 ದಿನಗಳ ದೀರ್ಘ ಉಪವಾಸದಲ್ಲಿಯೂ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದನ್ನೂ ಮುಟ್ಟುವುದಿಲ್ಲ. ಆ ದಿನಗಳಲ್ಲಿ ಈ ಅಡುಗೆಗೆ ಎಣ್ಣೆಯನ್ನೇ ಬಳಸುತ್ತಾರೆ. ಅಲ್ಲಿನ ಬೇಳೆ ತರಕಾರಿ ಅಡುಗೆ ಇಷ್ಟು ಬಗೆಬಗೆಯಾಗಿ ಬೆಳೆದಿರುವುದಕ್ಕೆ ಈ ಉಪವಾಸಗಳೇ ಮುಖ್ಯ ಕಾರಣ.

ಒಂದು ಲೋಟ ಮಸೂರ ಬೇಳೆಗೆ 400 ಗ್ರಾಂ ಕೆಂಪು ಈರುಳ್ಳಿ ಬೇಕು. ಪ್ರಮಾಣ ಹೆಚ್ಚಾಯಿತೆಂದು ಕಡಿಮೆ ಮಾಡಬೇಡಿ, ಸಾರಿಗೆ ಮೈಕಟ್ಟು ಕೊಡುವುದು ಈರುಳ್ಳಿಯೇ. ಅದನ್ನು ಅತಿ ಸಣ್ಣಗೆ ಹೆಚ್ಚಿ, ದಪ್ಪ ತಳದ ಪಾತ್ರೆಗೆ ಎಣ್ಣೆ ಹಾಕದೆ ಸುರಿದು, ಮಧ್ಯಮಕ್ಕಿಂತ ಕಡಿಮೆ ಉರಿಯಲ್ಲಿ ಕೈಯಾಡಿಸುತ್ತಿರಿ. ಒಗ್ಗರಣೆಯಿಂದ ಅಡುಗೆ ಆರಂಭಿಸುವ ನಮಗೆ ಇದು ವಿಚಿತ್ರವೆನಿಸಬಹುದು. ಎಣ್ಣೆ ಇಲ್ಲದಿರುವಾಗ ಈರುಳ್ಳಿ ಹುರಿದು ಕೆಂಪಾಗುವುದರ ಬದಲು ತನ್ನ ನೀರಿನಲ್ಲೇ ಬೆಂದು ಮೆತ್ತಗೆ ಕರಗುತ್ತದೆ. ತಳ ಹಿಡಿಯುವಂತಾದರೆ ಒಂದೊಂದು ಚಮಚ ನೀರು ಚಿಮುಕಿಸಿ. 20 ನಿಮಿಷಗಳ ನಂತರ ಕಾಲು ಬಟ್ಟಲು ಎಣ್ಣೆ ಹಾಕಿ ಇನ್ನೈದು ನಿಮಿಷ ಬೇಯಿಸಿ, ಎರಡು ದೊಡ್ಡ ಚಮಚ ಬೆರ್ಬೆರೆ ಹಾಕಿ, ಕೂಡಲೇ ಕಾಲು ಬಟ್ಟಲು ನೀರು ಎರೆಯಿರಿ. ನೀರು ತಡವಾದರೆ ಮೆಣಸಿನಪುಡಿ ಸೀದು ಇಡೀ ಪಾತ್ರೆ ಕಹಿಯಾಗುತ್ತದೆ. ಈ ಮಿಶ್ರಣ ಸಣ್ಣ ಉರಿಯಲ್ಲಿ ಕನಿಷ್ಠ 15 ನಿಮಿಷ, ನೀರು ಆರಿದಂತೆಲ್ಲ ಮತ್ತೆ ಸ್ವಲ್ಪ ಸೇರಿಸುತ್ತ ಬೇಯಬೇಕು. ಮೊದಲು ಮೆಣಸಿನಪುಡಿಯ ಹಸಿ ವಾಸನೆ ಮೂಗಿಗೆ ಹತ್ತುತ್ತದೆ; ಅದು ಅಡಗಿ, ಬಣ್ಣ ಇಟ್ಟಿಗೆಗೆಂಪಿನಿಂದ ಕಡುಗೆಂಪಿಗೆ ತಿರುಗಿ, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡಾಗ ಹದ ಬಂದಿದೆಯೆಂದು ತಿಳಿಯಬೇಕು. ಇಡೀ ಅಡುಗೆಯಲ್ಲಿ ಅವಸರ ಮಾಡಬಾರದ ಜಾಗ ಇದೊಂದೇ.

ಆಮೇಲಿನದು ಸುಲಭ. ಒಂದು ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಹಾಕಿ, ಎರಡು ನಿಮಿಷ ಬಾಡಿಸಿ, ತೊಳೆದ ಬೇಳೆಯನ್ನೂ ಮೂರು ಲೋಟ ಬಿಸಿನೀರನ್ನೂ ಸೇರಿಸಿ 25 ನಿಮಿಷ ಬೇಯಿಸಿ. ಕುಕ್ಕರ್ ಬೇಡ, ಬೇಳೆ ಒಡೆದು ಮಂದವಾಗಬೇಕು, ಆದರೆ ಪೂರ್ತಿ ಕರಗಬಾರದು. ಉಪ್ಪು ನೋಡಿ, ಅರ್ಧ ಟೀ ಚಮಚ ಮೆಕೆಲೆಶಾ ಉದುರಿಸಿ, ಮುಚ್ಚಿ ಇಳಿಸಿ. ಹುಳಿ, ಬೆಲ್ಲ, ತೆಂಗಿನಕಾಯಿ ಇವುಗಳಿಗೆ ಇಲ್ಲಿ ಸ್ಥಳವಿಲ್ಲ. ಹುಳಿಯೆಲ್ಲ ಜೊತೆಯಲ್ಲಿ ಬರುವ, ಹುಳಿಬರಿಸಿದ ಹಿಟ್ಟಿನ ದೋಸೆಯಂಥ ಇಂಜೆರಾದಿಂದ ಒದಗುತ್ತದೆ.

ದೋರೊ ವೊಟ್

ಉಪವಾಸ ಮುಗಿದು ಈಸ್ಟರ್ ಬಂದಾಗ ಮಾಡುವ ಕೋಳಿಯ ಅಡುಗೆ ಇದು. ಸಂಪ್ರದಾಯದಂತೆ ಒಂದು ಕೋಳಿಯನ್ನು 12 ತುಂಡುಗಳಾಗಿ ಕತ್ತರಿಸುತ್ತಾರೆ. ಚರ್ಮ ತೆಗೆದ ಒಂದು ಕಿಲೊ ಕೋಳಿಗೆ ಒಂದು ಕಿಲೊ ಈರುಳ್ಳಿ ಬೇಕಾಗುವುದರಿಂದ ಹೆಚ್ಚುವ ಕೆಲಸವೇ ದೊಡ್ಡದು. ಮಾಂಸವನ್ನು ಉಪ್ಪು, ನಿಂಬೆರಸ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಇಡಿ. ಈರುಳ್ಳಿಯನ್ನು ಮೇಲಿನ ರೀತಿಯಲ್ಲೇ, ಆದರೆ 45 ನಿಮಿಷ ಬೇಯಿಸಿ, 100 ಗ್ರಾಂ ನಿತಿರ್ ಕಿಬೆಯನ್ನೂ ನಾಲ್ಕು ದೊಡ್ಡ ಚಮಚ ಬೆರ್ಬೆರೆಯನ್ನೂ ಹಾಕಿ, ನೀರು ಚಿಮುಕಿಸುತ್ತ ಅರ್ಧ ಗಂಟೆ ಬಿಡಿ. ಶುಂಠಿ ಬೆಳ್ಳುಳ್ಳಿಯ ನಂತರ ಕೋಳಿ ಸೇರಿಸಿ, ಎರಡು ಲೋಟ ನೀರು ಹಾಕಿ, ಮಾಂಸ ಮೆತ್ತಗಾಗುವವರೆಗೆ ಸಣ್ಣ ಉರಿಯಲ್ಲಿ ಇಡಿ. ಗಟ್ಟಿಯಾಗಿ ಬೇಯಿಸಿ ಸುಲಿದ ಆರು ಮೊಟ್ಟೆಗಳಿಗೆ ಚಾಕುವಿನಿಂದ ಗೀರು ಹಾಕಿ, ಕೊನೆಯ ಹತ್ತು ನಿಮಿಷ ರಸದಲ್ಲಿ ಮುಳುಗಿಸಿ. ಮೆಕೆಲೆಶಾ ಒಂದು ಟೀ ಚಮಚ ಸಾಕು.

ಜೊತೆಗೆ ಬೆರ್ಬೆರೆ ಇಲ್ಲದ, ಅರಿಸಿನದ ಸೌಮ್ಯ ಅಡುಗೆಯೊಂದು ಇರಲೇಬೇಕು. ಇಂಥವನ್ನು ಅಲಿಚಾ ಎನ್ನುತ್ತಾರೆ. ಎಲೆಕೋಸು, ಕ್ಯಾರೆಟ್, ಆಲೂಗಡ್ಡೆಗಳನ್ನು ಈರುಳ್ಳಿ, ಶುಂಠಿ, ಅರಿಸಿನ, ಹಸಿಮೆಣಸಿನಕಾಯಿಯೊಂದಿಗೆ ಮುಚ್ಚಿ ಬೇಯಿಸಿದರೆ ಸಾಕು. ಇಂಜೆರಾಕ್ಕೆ ತೆಫ್ ಎಂಬ ಅಲ್ಲಿನ ಸಣ್ಣ ಧಾನ್ಯದ ಹಿಟ್ಟು ಸಿಗದವರು ರಾಗಿಹಿಟ್ಟು, ಅಕ್ಕಿಹಿಟ್ಟುಗಳನ್ನು ಸಮವಾಗಿ ಬೆರೆಸಿ, ಎರಡು ದಿನ ಹುಳಿಬರಿಸಿ, ತೆಳುವಾಗಿ ಹುಯ್ದು, ಮುಚ್ಚಳ ಮುಚ್ಚಿ ಒಂದೇ ಬದಿ ಬೇಯಿಸಿಕೊಳ್ಳಬಹುದು. ತೆಫ್‌ನ ರುಚಿ ಇದರಲ್ಲಿ ಇಲ್ಲ, ಆದರೆ ರಾಗಿ ಆ ನಾಡಿಗೆ ಹೊರಗಿನದಲ್ಲ. ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳೇ ಅದರ ತವರು, ಇಥಿಯೋಪಿಯಾದಲ್ಲಿ ಇಂದಿಗೂ ದಗುಸಾ ಎಂಬ ಹೆಸರಿನಲ್ಲಿ ಬೆಳೆಯುತ್ತಾರೆ. ದೊಡ್ಡ ತಟ್ಟೆಯೊಂದರಲ್ಲಿ ಇದನ್ನು ಹಾಸಿ, ಮಧ್ಯದಲ್ಲಿ ದೋರೊ ವೊಟ್, ಸುತ್ತಲೂ ಮಿಸಿರ್ ವೊಟ್ ಮತ್ತು ಅಲಿಚಾ ಬಡಿಸಿ, ಎಲ್ಲರೂ ಒಂದೇ ತಟ್ಟೆಯಿಂದ ಬಲಗೈಯಲ್ಲಿ ಉಣ್ಣುವುದು ಅಲ್ಲಿನ ರೂಢಿ. ಮಿಕ್ಕ ವೊಟ್ ಮರುದಿನ ಇನ್ನೂ ರುಚಿ. ಬಿಸಿಮಾಡುವಾಗ ನಾಲ್ಕು ಚಮಚ ನೀರು ಸೇರಿಸಿ, ಮೆಕೆಲೆಶಾವನ್ನು ಮಾತ್ರ ಮತ್ತೆ ಹಾಕಬೇಡಿ, ಲವಂಗದ ಘಾಟು ಮೇಲಾಗುತ್ತದೆ.